ಕ್ಲೆಲಿ ಕೇಸು ಹಿಂದಕ್ಕೆ ತೆಗೆದುಕೊಂಡದ್ದು

ಲೂಯಿಸಿಯಾನದ ದಕ್ಷಿಣ ತುದಿಯಲ್ಲಿ, ನೆಲ ಮುಗಿದು ಸಮುದ್ರ ಇನ್ನೂ ಶುರುವಾಗದ ಜೌಗಿನಲ್ಲಿ, ಕ್ಲೆಲಿಯಂಥ ಮೊಂಡಿ ಇನ್ನೊಬ್ಬಳು ಹುಟ್ಟಲಿಲ್ಲ. ಒಮ್ಮೆ ಅವಳ ಮನೆಯತ್ತ ಬರುತ್ತಿದ್ದ ಚಂಡಮಾರುತ, ಅವಳು ಪೊರಕೆ ಹಿಡಿದು ಬಾಗಿಲಲ್ಲಿ ನಿಂತದ್ದನ್ನು ಕಂಡು ಟೆಕ್ಸಸ್ ಕಡೆ ತಿರುಗಿಕೊಂಡಿತು. ಮೊಸಳೆಗಳು ಅವಳ ಅಂಗಳ ದಾಟುವಾಗ ಬಾಲ ಎತ್ತಿಕೊಂಡು ನಡೆಯುತ್ತಿದ್ದವು. ಇಂಥವಳು ಹೆದರುತ್ತಿದ್ದದ್ದು ಒಬ್ಬರಿಗೆ ಮಾತ್ರ: ಅತ್ತೆ ಯೂಲಾಲಿಗೆ.

ಯೂಲಾಲಿ ಪ್ರಾರ್ಥನೆ ಹಾಕಿ ಕಾಯಿಲೆ ಇಳಿಸುವವಳು. ನರೂಲಿ, ಸರ್ಪಸುತ್ತು, ತಲೆಗೇರಿದ ಬಿಸಿಲು, ಏನು ತಂದರೂ ದಾರಕ್ಕೆ ಗಂಟು ಹಾಕಿ, ಬಾಯೊಳಗೇ ಫ್ರೆಂಚಿನಲ್ಲಿ ಗುನುಗಿ ಇಳಿಸಿಬಿಡುತ್ತಿದ್ದಳು. ಅವಳು ಗುನುಗಿದಾಗ ಸತ್ತ ಸಿಗಡಿ ಬಲೆಯಿಂದ ನೀರಿಗೆ ನೆಗೆದದ್ದನ್ನು ಕಣ್ಣಾರೆ ಕಂಡವರು ಊರಲ್ಲಿ ಇನ್ನೂರು ಜನ ಇದ್ದಾರೆ, ಊರಿನ ಜನಸಂಖ್ಯೆ ನೂರೈವತ್ತೇ ಆದರೂ. ಆ ಪ್ರಾರ್ಥನೆ ಬೇರೆಯವರ ಕಿವಿಗೆ ಬೀಳಬಾರದು. ಇಳಿಸಿದ ಕಾಯಿಲೆಯ ಹೆಸರನ್ನು ಆಮೇಲೆ ಯಾರೂ ಎತ್ತಬಾರದು. ಎತ್ತಿದರೆ ಅದು ಮನೆ ಹುಡುಕಿಕೊಂಡು ವಾಪಸು ಬರುತ್ತದೆ. ಇದು ಅವಳ ಕಟ್ಟಳೆ.

ಕ್ಲೆಲಿಯ ಮಗಳು ಅಜೆಲಿಗೆ ಈಗ ಮೂರು ವರ್ಷ. ಕೈಗೂಸಾಗಿದ್ದಾಗ ಲಸಿಕೆ ಹಾಕಿಸಿದ ಸಂಜೆಯೇ ಮೈ ಕಾದು ಫಿಟ್ಸ್ ಬಂತು. ಅಲ್ಲಿಂದ ನಿಂತೇ ಇಲ್ಲ. ವಕೀಲ ಡೂಗಾ ವಾಷಿಂಗ್ಟನ್ನಿನ ಲಸಿಕೆ ನ್ಯಾಯಾಲಯದಲ್ಲಿ ಪರಿಹಾರದ ಕೇಸು ಹಾಕಿಸಿದ. ಲಸಿಕೆಯಿಂದಲೇ ಹೀಗಾಯಿತು ಎಂದು ಒಪ್ಪಿದರೆ ಮಗುವಿನ ಜೀವಮಾನದ ಆರೈಕೆಗೆ ದುಡ್ಡು ಬರುತ್ತದೆ. ಕ್ಲೆಲಿಯ ಗಂಡ ರೆಮಿ ಸಿಗಡಿ ಹಿಡಿಯುವವನು. ಆ ದುಡ್ಡಿನಲ್ಲಿ ಮಗಳಿಗಾಗಿ ಅವನು ಕನಸಲ್ಲೇ ಒಂದು ಕೋಣೆ ಕಟ್ಟಿಸಿ, ಬಣ್ಣ ಮಾಸಿತೆಂದು ಎರಡನೇ ಸಲವೂ ಬಳಿಸಿದ್ದ.

ಆ ದಿನ ಕ್ಲೆಲಿ ಮಗುವನ್ನು ನ್ಯೂ ಆರ್ಲಿಯನ್ಸಿನ ಡಾಕ್ಟರಮ್ಮನಿಗೆ ತೋರಿಸಿಕೊಂಡು ಬಂದಾಗ ಡೂಗಾ ಅಡುಗೆಮನೆಯಲ್ಲಿ ಕೂತು ಗಂಬೋ ಸಾರು ಸೊರ್ರನೆ ಹೀರುತ್ತಿದ್ದ. ಅವನ ಹೊಟ್ಟೆ ಅವನಿಗಿಂತ ಹತ್ತು ನಿಮಿಷ ಮುಂಚೆಯೇ ಮನೆ ಸೇರುತ್ತಿತ್ತು.

"ನಾಳೆ ನ್ಯಾಯಾಧೀಶೆ ಫೋನಿಗೆ ಬರ್ತಾರೆ, ತಾಯಿ. ಇನ್ನೇನು ದಡ ಮುಟ್ಟಿದ ಹಾಗೇ" ಎಂದ.

ಕ್ಲೆಲಿ ಮಗುವನ್ನು ಮಲಗಿಸಿ ಬಂದಳು. "ಡಾಕ್ಟರಮ್ಮ ಒಂದು ಮಾತು ಕೇಳಿದ್ರು. ಇಂಜೆಕ್ಷನ್ನಿಗೆ ಮುಂಚೆ ಯಾವತ್ತಾದ್ರೂ, ಬಿಸಿನೀರಲ್ಲಿ ಕೂರಿಸಿದಾಗ ಮಗು ಅದುರಿತ್ತಾ ಅಂತ. ಅದುರಿದ್ರೆ ಇದು ಹುಟ್ಟಿನಿಂದ ಬಂದದ್ದಿರಬಹುದಂತೆ. ಈಗ ಕೊಡ್ತಿರೋ ಮಾತ್ರೆ ಅಂಥ ಮಕ್ಕಳಿಗೆ ಬೆಂಕಿಗೆ ತುಪ್ಪ ಸುರಿದ ಹಾಗಂತೆ."

ಯೂಲಾಲಿಯ ಸೌಟು ಪಾತ್ರೆಯಲ್ಲೇ ನಿಂತಿತು.

ಅದುರಿತ್ತು. ಲಸಿಕೆಗೂ ಮುಂಚೆ, ಊರೆಲ್ಲ ಸೇರಿ ಹಂದಿ ಕೊಯ್ದ ದಿನ. ಕ್ಲೆಲಿ ಹಿತ್ತಲಲ್ಲಿ ಕರುಳು ತೊಳೆಯುತ್ತಿದ್ದಳು. ಹಂದಿಯ ಕೂದಲು ಹೆರೆಯಲು ಕಾಯಿಸಿದ ನೀರು ಮಿಕ್ಕಿತ್ತು. ಯೂಲಾಲಿ ಅದರಲ್ಲೇ ಮಗುವಿಗೆ ಸ್ನಾನ ಮಾಡಿಸಿದಳು. ಕ್ಲೆಲಿ ಒಳಗೆ ಬರುವಷ್ಟರಲ್ಲಿ ಮಗು ಸೆಟೆದು ಸಡಿಲಾಗಿತ್ತು, ಅತ್ತೆ ದಾರ ಕಟ್ಟುತ್ತಿದ್ದಳು. ಬಿಸಿಲು ತಲೆಗೇರಿದೆ, ಇಳಿಸಿದ್ದೇನೆ ಎಂದಳು. ಇಳಿಸಿದ್ದನ್ನು ಎತ್ತುವಂತಿಲ್ಲ. ಡಾಕ್ಟರು, ವಕೀಲ, ನ್ಯಾಯಾಲಯ, ಯಾರೇ ಕೇಳಿದರೂ ಇಬ್ಬರೂ ಇಂಜೆಕ್ಷನ್ನಿನ ಸಂಜೆಯಿಂದಲೇ ಕತೆ ಶುರುಮಾಡುತ್ತಿದ್ದರು. ಅವರ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ. ಹಂದಿ ಕೊಯ್ದ ದಿನ ಬಂದದ್ದು ಫಿಟ್ಸೇ ಅಲ್ಲ, ಬಿಸಿಲು.

"ಅತ್ತೆ, ಅವತ್ತು ಸ್ನಾನದ ತೊಟ್ಟೀಲಿ ಬಂದದ್ದು ಬಿಸಿಲಲ್ಲ."

"ಬಾಯಿ ಮುಚ್ಚೇ. ಹೆಸರೆತ್ತಿದ್ರೆ ವಾಪಸು ಬರುತ್ತೆ."

"ಎತ್ತದೇ ಇದ್ರೂ ದಿನಾ ಬರ್ತಿದೆಯಲ್ಲ. ನಮ್ಮನೆ ವಿಳಾಸ ಅದಕ್ಕೆ ಬಾಯಿಪಾಠ ಆಗಿದೆ."

ಡೂಗಾ ಎರಡೂ ಕಿವಿ ಮುಚ್ಚಿಕೊಂಡ. "ನಾನೇನೂ ಕೇಳಲಿಲ್ಲ. ಇದು ಡಾಕ್ಟರ ಫೈಲಿಗೆ ಹೋದ್ರೆ ಕೇಸು ಮುಳುಗಿತು. ತೀರ್ಪು ಬರಲಿ, ಆಮೇಲೆ ಹೇಳಿ. ಒಂದು ವರ್ಷದ ಮಾತು."

"ವರ್ಷಪೂರ್ತಿ ಆ ಮಾತ್ರೆ ನೀವು ನುಂಗ್ತೀರಾ ವಕೀಲ್ರೇ?"

ಬಾಗಿಲಲ್ಲಿ ನಿಂತಿದ್ದ ರೆಮಿ ಮೆಲ್ಲಗೆ ಕೇಳಿದ. "ಆ ದುಡ್ಡು ಅವಳಿಗೇ ಅಲ್ವೇನೇ? ನಾವು ಸತ್ತ ಮೇಲೆ ಯಾರು ನೋಡ್ಕೋತಾರೆ?"

ಕ್ಲೆಲಿ ಅವನ ಕಡೆ ತಿರುಗಿದಳು. "ನಾವು ಸತ್ತ ಮೇಲಿನದ್ದು ನಂಗೂ ಭಯಾನೇ. ಆದ್ರೆ ಅಲ್ಲೀವರೆಗೆ ಅವಳು ಬದುಕಿರಬೇಕಲ್ಲ" ಎಂದು, ಎಲ್ಲರ ಎದುರೇ ಡಾಕ್ಟರಮ್ಮನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಹಂದಿ ಕೊಯ್ದ ದಿನ ಎಂಬ ಮಾತು ಅವಳ ಬಾಯಿಂದ ಹೊರಬಿದ್ದಾಗ ಮನೆಯ ಮಾಡು ಒಂದು ಗೇಣು ಮೇಲೆದ್ದು ಕೂತಿತು.

"ಯಾವ ಕೈ ಅದುರಿತು? ಎಷ್ಟು ಹೊತ್ತು?" ಡಾಕ್ಟರಮ್ಮ ಕೇಳಿದರು.

ಕ್ಲೆಲಿಗೆ ಗೊತ್ತಿರಲಿಲ್ಲ. ಮಗುವನ್ನು ಹಿಡಿದಿದ್ದವಳು ಯೂಲಾಲಿ. ಕ್ಲೆಲಿ ಫೋನನ್ನು ಅತ್ತೆಯ ಮುಂದೆ ಹಿಡಿದು ನಿಂತಳು, ಕೈ ಇಳಿಸಲಿಲ್ಲ. ಜೌಗಿನ ಕಪ್ಪೆಗಳೂ ಉಸಿರು ಬಿಗಿಹಿಡಿದವು.

"ಎಡಗೈ" ಎಂದಳು ಯೂಲಾಲಿ ಕೊನೆಗೆ. "ಬಾಯೂ ಎಡಕ್ಕೇ ಎಳೀತು. ನನ್ನ ಪ್ರಾರ್ಥನೆ ಎರಡು ಸಲ ಮುಗಿಯೋಷ್ಟು ಹೊತ್ತು."

"ಅದು ಎಷ್ಟುದ್ದ ಇದೆ, ಅಜ್ಜಿ?"

"ಅದನ್ನ ಕೇಳಿಸೋ ಹಾಗಿಲ್ಲ."

"ಮನಸ್ಸಲ್ಲೇ ಹೇಳಿ ಅತ್ತೆ. ಶುರುಮಾಡಿದಾಗ ಬೆರಳೆತ್ತಿ, ಮುಗಿದಾಗ ಇಳಿಸಿ" ಎಂದು ಕ್ಲೆಲಿ ಗಡಿಯಾರದ ಕೆಳಗೆ ಹೋಗಿ ನಿಂತಳು.

ಮುದುಕಿಯ ಬೆರಳು ಮೇಲೆದ್ದಿತು. ತುಟಿ ಮಾತ್ರ ಅಲುಗುತ್ತಿತ್ತು. ಬೆರಳು ಇಳಿಯುವ ಹೊತ್ತಿಗೆ ಡೂಗಾನ ಗಂಬೋ ಮೇಲೆ ಕೆನೆ ಕಟ್ಟಿತ್ತು, ಮುದುಕಿಯ ಕಣ್ಣು ತುಂಬಿತ್ತು. ಕ್ಲೆಲಿ ಹೊತ್ತು ಹೇಳಿದಳು. ಡಾಕ್ಟರಮ್ಮ ಬರೆದುಕೊಂಡರು. ರಕ್ತ ಪರೀಕ್ಷೆಗೆ ಕಳಿಸುತ್ತೇನೆ, ಆ ಮಾತ್ರೆಯನ್ನು ಇವತ್ತಿನಿಂದಲೇ ಇಳಿಸುತ್ತ ಬರೋಣ ಎಂದರು.

ಮರುದಿನ ವಾಷಿಂಗ್ಟನ್ ಫೋನಿಗೆ ಬಂದಿತು. ಡೂಗಾ ಇಪ್ಪತ್ತು ಸಲ ಕೆಮ್ಮಿ, ಕಕ್ಷಿದಾರರು ಕೇಸು ಹಿಂದಕ್ಕೆ ಪಡೆಯುತ್ತಾರೆ ಎಂದ.

"ಅವಧಿ ಮುಗಿದಿದೆ, ಮತ್ತೆ ಹಾಕೋಕಾಗಲ್ಲ. ಗೊತ್ತಿದೆಯಾ ಅಮ್ಮ?" ನ್ಯಾಯಾಧೀಶೆ ಕೇಳಿದರು.

"ಗೊತ್ತಿದೆ."

"ಯಾರಾದ್ರೂ ಒತ್ತಾಯ ಮಾಡಿದ್ರಾ?"

"ಒತ್ತಾಯ ಮಾಡಿದವರೆಲ್ಲ ಕೇಸು ಇರಲಿ ಅಂದವರೇ, ಮೇಡಂ. ಬೇಡ ಅಂದವಳು ನಾನೊಬ್ಬಳೇ. ಇದನ್ನ ಗೆಲ್ಲಬೇಕಾದ್ರೆ ನಾನು ಒಂದು ದಿನವನ್ನ ನುಂಗಿಕೊಂಡಿರಬೇಕು. ಆ ದಿನ ನನ್ನ ಮಗಳ ಔಷಧಿ. ಅದನ್ನ ನಾನು ಯಾರಿಗೂ ಮಾರಲ್ಲ, ಸರ್ಕಾರಕ್ಕೂ."

ಆ ಕಡೆ ನ್ಯಾಯಾಧೀಶೆ ಕಾಗದ ಮಗುಚಿದರು. "ಇನ್ನೇನಾದ್ರೂ ಹೇಳೋದಿದೆಯಾ?"

"ಇಲ್ಲ. ಮಗು ಎದ್ದಿದೆ" ಎಂದು ಕ್ಲೆಲಿ, ನ್ಯಾಯಾಲಯ ಅಪ್ಪಣೆ ಕೊಡುವುದಕ್ಕೂ ಕಾಯದೆ ಫೋನಿಟ್ಟಳು.