ದಿನಾ ಸಾಯುತ್ತಿದ್ದ ದೇವಿರಮ್ಮ

ಇನ್ನೊಂದು ಸಲ ಅಪ್ಪ ಆಲೆಮನೆಗೆ ಕಾಲಿಟ್ಟರೆ ದನದ ಸರಪಳಿ ಹಾಕಿ ಕೊಟ್ಟಿಗೆಯ ಕಂಬಕ್ಕೆ ಕಟ್ಟುತ್ತೇನೆ ಎಂದು ಪುಟ್ಟರಾಜು ಹೆಂಡತಿ ಹೊಂಬಾಳಮ್ಮನಿಗೆ ಹೇಳಿಬಿಟ್ಟಿದ್ದ. ಬರೀ ಬಾಯಿಮಾತಲ್ಲ, ಮದ್ದೂರಿನಿಂದ ಹೊಸ ಸರಪಳಿಯನ್ನೂ ತಂದು ಗೂಟಕ್ಕೆ ನೇತುಹಾಕಿದ್ದ. ಹೊಂಬಾಳಮ್ಮ ಅದರತ್ತ ಬೆನ್ನು ಮಾಡಿಯೇ ಕೊಟ್ಟಿಗೆಯ ಸಗಣಿ ಬಾಚುತ್ತಿದ್ದಳು.

ವೈದ್ಯನಾಥಪುರದ ಸುತ್ತಮುತ್ತ ಅವಳ ಮಾವ ಮಾದಯ್ಯನಷ್ಟು ಚೆನ್ನಾಗಿ ಬೆಲ್ಲದ ಪಾಕ ನೋಡುವವರು ಇರಲಿಲ್ಲ. ಕೈಯನ್ನು ತಣ್ಣೀರಿಗೆ ಅದ್ದಿ, ಕುದಿಯುವ ಕೊಪ್ಪರಿಗೆಯಿಂದ ಚೂರು ಪಾಕ ಎತ್ತಿ, ಮತ್ತೆ ತಣ್ಣೀರಲ್ಲಿ ಅದನ್ನು ಉಂಡೆ ಕಟ್ಟಿ ನೋಡಿ "ಇಳಿಸ್ರಲಾ" ಎಂದರೆ ಮುಗಿಯಿತು. ಈಗ ಆ ಮನುಷ್ಯನಿಗೆ ಪಾಕ ನೆನಪಿತ್ತು, ತಣ್ಣೀರು ಮರೆತುಹೋಗಿತ್ತು. ಹೋದ ವಾರ ಒಣಗೈಯನ್ನೇ ಕೊಪ್ಪರಿಗೆಗೆ ಇಟ್ಟು ಬಲಗೈ ಬೆರಳು ಬೇಯಿಸಿಕೊಂಡಿದ್ದ.

ಮನೆಯೊಳಗಿನ ಗೋಳು ಬೇರೆ. ಮಾದಯ್ಯನ ಹೆಂಡತಿ ದೇವಿರಮ್ಮ ತೀರಿಕೊಂಡು ವರ್ಷಗಳೇ ಆಗಿದ್ದವು. ಆದರೂ ಬೆಳಗಾದರೆ "ನಿಮ್ಮತ್ತೆ ಎಲ್ಲಮ್ಮಿ?" ಎಂದು ಸೊಸೆಯನ್ನು ಕೇಳುತ್ತಿದ್ದ. "ಅತ್ತೆ ಸತ್ತೋಗಿ ಎಸ್ಟ್ ದಿನಾಯ್ತು, ಮಾವ" ಎಂದು ಹೊಂಬಾಳಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ದೊಡ್ಡವರ ಮುಂದೆ ಸುಳ್ಳಾಡಬಾರದೆಂದು ಕಲಿತು ಬಂದ ಹೆಣ್ಣು, ಪಾಪ. ಅಷ್ಟಕ್ಕೇ ಮುದುಕ ಎದೆ ಬಡಿದುಕೊಂಡು ಅತ್ತು, ಸ್ವಲ್ಪ ಹೊತ್ತಿಗೆ ಅದನ್ನೂ ಮರೆತು, ಹೆಂಡತಿಯನ್ನು ಹುಡುಕುತ್ತ ಬೀದಿಗೆ ಬೀಳುತ್ತಿದ್ದ. ಊರಿನವರ ಬಾಯಿಗೇನು ಬೀಗವೇ? ಒಬ್ಬರು ಗಾಳಿ ಸೋಕಿದೆ ಎಂದರು, ಇನ್ನೊಬ್ಬರು ಅರಳುಮರಳು ಎಂದರು. ಏನು ಮಾಡಬೇಕು ಎಂದು ಮಾತ್ರ ಒಬ್ಬರೂ ಹೇಳಲಿಲ್ಲ.

ಸುಟ್ಟ ಕೈಗೆ ಪಟ್ಟಿ ಕಟ್ಟಿಸಲು ಅವಳೇ ಮಾವನನ್ನು ಬಸ್ಸಿನಲ್ಲಿ ಮಂಡ್ಯಕ್ಕೆ ಕರೆದೊಯ್ದಳು. ಡಾಕ್ಟರು ಕೈಯೇನೋ ನೋಡಿದರು. ತಲೆಯ ಮಾತೆತ್ತಿದರೆ "ವಯಸ್ಸಾಯ್ತಲ್ಲಮ್ಮ" ಎಂದು ಮುಂದಿನವರನ್ನು ಕರೆದರು. ಹೊರಗೆ ಬೆಂಚಿನ ಮೇಲೆ ಕೂತ ಹೊಂಬಾಳಮ್ಮನಿಗೆ ಅಳು ತಡೆಯಲಾಗಲಿಲ್ಲ.

ಪಕ್ಕದಲ್ಲಿ ಮಂಡ್ಯದ ಗುತ್ತಲಿನ ವೇದವತಿ ಎಂಬಾಕೆ ಕೂತಿದ್ದಳು. ಜೊತೆಗೆ ಅವಳ ಗಂಡ, ಒಂದು ಕಾಲದ ಹೆಡ್ಮಾಸ್ತರು, ಅಂಗಿಯ ಗುಂಡಿ ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. ಹೊಂಬಾಳಮ್ಮನಿಂದ ಸಂಗತಿ ಕೇಳಿಕೊಂಡ ವೇದವತಿ, "ನಮ್ಮನೆಯವರಿಗೂ ಇದೇ ಕಣಮ್ಮ" ಎಂದಳು. "ಬೆಂಗಳೂರಲ್ಲಿ ತೋರಿಸಿದ್ವಿ. ಮಿದುಳು ಸವೆಯೋ ಕಾಯಿಲೆಯಂತೆ. ಗಾಳಿಯಲ್ಲ, ಹಟವೂ ಅಲ್ಲ. ವಾಸಿಯಾಗೋ ಔಷಧಿ ಇಲ್ಲ."

"ಮತ್ತೆ ನಾನೇನ್ ಮಾಡ್ಲಿ ಅಮ್ಮಾರೇ? ಅತ್ತೆ ಸತ್ತೋದ್ರು ಅಂದ್ರೆ ಎದೆ ಬಡ್ಕೊತಾರೆ."

"ಅವರಿಗೆ ಅದು ಪ್ರತಿಸಲವೂ ಹೊಸ ಸುದ್ದಿ. ಆಯಮ್ಮನ್ನ ದಿನಾ ಯಾಕೆ ಸಾಯಿಸ್ತೀಯ? ಎಲ್ಲೋ ಹೋಗಿದಾರೆ, ಬರ್ತಾರೆ ಅನ್ನು. ಎದುರು ವಾದಿಸಬೇಡ, ಕೂಗಬೇಡ. ಅವರು ಯಾವ ಕಾಲದಲ್ಲಿದಾರೋ ಆ ಕಾಲಕ್ಕೆ ನೀನೇ ಹೋಗು. ಕೈಲಾಗಲ್ಲ ಅನ್ನಿಸಿದ ದಿನ ನಮ್ಮನೆಗೆ ಬಾ, ಇಬ್ಬರೂ ಕೂತು ಅಳೋಣ."

ಮನೆಗೆ ಬಂದು ಇದನ್ನು ಹೇಳಿದರೆ ಗಂಡ ಕೆರಳಿದ. "ಅವ್ವನಿಗೆ ಮಣ್ಣಾಕ್ದೋನು ನಾನು ಕಣಮ್ಮಿ. ಅವ್ಳು ಬತ್ತಾಳೆ ಅಂತ ನನ್ ಬಾಯಲ್ಲಿ ಬರಾಕಿಲ್ಲ."

ಮಾರನೆಯ ದಿನ ಮಧ್ಯಾಹ್ನ ಅವಳು ಬಟ್ಟೆ ಹರವಿ ತಿರುಗುವಷ್ಟರಲ್ಲಿ ಜಗುಲಿ ಖಾಲಿಯಾಗಿತ್ತು. ಆಲೆಮನೆಯತ್ತ ಬಿದ್ದಂಬೀಳ ಓಡಿದಳು.

ಮಾದಯ್ಯ ಕೊಪ್ಪರಿಗೆಯ ಅಂಚಿನಲ್ಲಿ ಬಗ್ಗಿ ನಿಂತಿದ್ದ, ಪಟ್ಟಿ ಕಟ್ಟಿದ ಕೈಯನ್ನೇ ಮುಂದೆ ಚಾಚಿ. ಕೆಳಗೆ ಪಾಕ ಕೊತಕೊತ ಕುದಿಯುತ್ತಿತ್ತು. ಗಾಣದ ಕಡೆಯಿಂದ ಪುಟ್ಟರಾಜು "ಅಪ್ಪೋ, ಬುಡೋ!" ಎಂದು ಅರಚಿದ. ಮುದುಕ ಬೆಚ್ಚಿಬಿದ್ದ, ಒಂದು ಕಾಲು ಜಾರಿ, ಹೇಗೋ ನಿಂತಿತು. ಇನ್ನೊಂದು ಕೂಗಿಗೆ ಮೈಯೇ ಕೊಪ್ಪರಿಗೆಗೆ ಬೀಳುವಂತಿತ್ತು.

"ಸುಮ್ಕಿರಿ ನೀವು!" ಎಂದು ಹೊಂಬಾಳಮ್ಮ ಗಂಡನನ್ನು ಮೆಲುದನಿಯಲ್ಲೇ ಗದರಿದಳು. ನೀರಿನ ಬೋಗುಣಿ ಎತ್ತಿಕೊಂಡು ಮಾವನ ಪಕ್ಕಕ್ಕೆ ಬಂದಳು. "ಮಾವ, ಪಾಕ ಇನ್ನೂ ಎಳೇದು ಅಂದ್ರಲ್ಲ. ಕೈ ಅದ್ಕೊಳಿ, ನೀರು ತಂದಿವ್ನಿ."

"ನಾನಂದ್ನಾ?"

"ಊಂ. ಈಗ್ತಾನೆ ಅಂದ್ರಿ."

ಮಾದಯ್ಯ ಅವಳನ್ನು ದುರುಗುಟ್ಟಿ ನೋಡಿದ. ಚಾಚಿದ ಕೈ ಆವಿಯೊಳಗೆ ಹಾಗೇ ಇತ್ತು. ಅವಳು ಬೋಗುಣಿಯೊಂದಿಗೆ ಹಿಂದಕ್ಕೆ ಸರಿದಳು. ಮುದುಕ ನೀರಿನ ಕಡೆ ತಿರುಗಿ, ಒಲೆಯಿಂದ ಈಚೆಗೆ ಬಂದ. ಪುಟ್ಟರಾಜು ಓಡಿಬಂದು ಅವನನ್ನು ತಬ್ಬಿ ಹಿಡಿದ.

ಅಪ್ಪ ಮಗ ಇಬ್ಬರೂ ಕಬ್ಬಿನ ಸಿಪ್ಪೆಯ ಮೇಲೆ ಕುಸಿದು ಕೂತರು. ಮಾದಯ್ಯ ಸುತ್ತ ನೋಡಿದ, ಮಗನ ಮುಖ ನೋಡಿದ.

"ನಿಮ್ಮವ್ವ ಎಲ್ಲೋದ್ಲಾ?"

ಕೇಳಿದ್ದು ಹೊಂಬಾಳಮ್ಮನನ್ನಲ್ಲ, ಮಗನನ್ನು. ಅವನು ಈಗ ನಿಜ ಹೇಳಿದರೆ ಮುದುಕನ ಗೋಳು ಮತ್ತೆ ಮೊದಲಿನಿಂದ. ಪುಟ್ಟರಾಜು ಅಪ್ಪನ ಕೈಯ ಪಟ್ಟಿಗೆ ಅಂಟಿದ್ದ ಸಿಪ್ಪೆಯನ್ನು ಒಂದೊಂದಾಗಿ ಬಿಡಿಸಿದ.

"ಬಸ್ರಾಳಿಗೆ ಓಗವ್ಳೆ ಕಣಪ್ಪ," ಎಂದ. "ಚಿಕ್ಕವ್ವನ ಮನೆಗೆ. ಬತ್ತಾಳೆ." ಅಷ್ಟು ಹೇಳಿದವನೇ ಬಿಕ್ಕಿ ಬಿಕ್ಕಿ ಅತ್ತ.

ಮಾದಯ್ಯ ಮಗನ ಬೆನ್ನು ಸವರಿದ.

"ಅದಕ್ಯಾಕ್ಲಾ ಅಳ್ತೀಯ? ಬತ್ತಾಳೆ ಬುಡು."