ಕೋವಿಗೊಂದು ಚೀಲ

ಚಾಮರಾಜಪೇಟೆಯಲ್ಲಿ ‘ಶೀನಣ್ಣ ಕ್ಯಾನ್‌ವಾಸ್ ವರ್ಕ್ಸ್’ ಅಂತ ಒಂದು ಪುಟ್ಟ ಮಳಿಗೆ ಇತ್ತು. ಶೀನಣ್ಣ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅಂಗಡಿ ನಡೆಸುತ್ತಿದ್ದವಳು ಮಗಳು ಚೂಡಾಮಣಿ. ಬಿ.ಎ. ಓದಿದವಳು, ವಯಸ್ಸು ನಲವತ್ತಾರು, ಗವಿಪುರದಿಂದ ದಿನಾ ನಡೆದೇ ಬರುವವಳು. ರಸ್ತೆ ದಾಟುವ ಮುಂಚೆ ಎರಡೂ ಕಡೆಗೆ ಎರಡೆರಡು ಸಲ ನೋಡುವವಳು. ಮಾತಾಡುವ ಮುಂಚೆಯೂ ಹಾಗೇ.

ಅಂಗಡಿಯಲ್ಲಿ ಕೂತು ಕೂತು ಅವಳಿಗೆ ಒಗ್ಗಿಹೋದ ಮಾತೊಂದಿತ್ತು: ‘ಆಗಲ್ಲ’. ನಾಳೆಗೆ ಆಗಲ್ಲ, ಈ ಬಣ್ಣದಲ್ಲಿ ಆಗಲ್ಲ, ಇಷ್ಟು ದಪ್ಪಕ್ಕೆ ಆಗಲ್ಲ. ‘ಮಾಡಲ್ಲ’ ಅಂತ ಅವಳು ಯಾರಿಗೂ ಅಂದವಳಲ್ಲ. ಮಾಡಲ್ಲ ಅಂದರೆ ಜನ ನಮ್ಮ ಮುಖ ನೋಡುತ್ತಾರೆ. ಆಗಲ್ಲ ಅಂದರೆ ಮೆಷಿನ್ನಿನ ಮುಖ ನೋಡಿ, ಪಾಪ, ಎದ್ದು ಹೋಗುತ್ತಾರೆ.

ಸ್ಕೂಲ್ ಬ್ಯಾಗು, ಟೆಂಟು, ಸ್ಕೂಟರಿನ ಹೊದಿಕೆ ಇವೆಲ್ಲ ಅಪ್ಪನ ಕಾಲದಿಂದ ಬಂದ ಕೆಲಸ. ಬೆನ್ನಿಗೆ ಹಾಕುವ ದೊಡ್ಡ ಚೀಲ ಮಾತ್ರ ಅವಳೇ ಶುರುಮಾಡಿದ್ದು. ಭಾನುವಾರ ಸಾವನದುರ್ಗ, ರಾಮನಗರದ ಬಂಡೆ ಹತ್ತಲು ಹೋಗುವ ಕಾಲೇಜು ಹುಡುಗ ಹುಡುಗಿಯರು ಫಾರಿನ್ ಚೀಲ ಕೊಳ್ಳಲಾರದೆ ಇವಳ ಹತ್ತಿರ ಹೊಲಿಸುತ್ತಿದ್ದರು. ಅಳತೆ ತೆಗೆದು ಬಟ್ಟೆ ಕತ್ತರಿಸುವುದು ಚೂಡಾಮಣಿ, ಹೊಲಿಯುವುದು ಪುಟ್ಟಯ್ಯ. ಪುಟ್ಟಯ್ಯ ಶೀನಣ್ಣನ ಕಾಲದವರು, ಅರವತ್ತೈದು ದಾಟಿದ್ದರೂ ಅವರ ಹೊಲಿಗೆ ಗೆರೆ ಎಳೆದ ಹಾಗೆ ಬರುತ್ತಿತ್ತು.

ಎರಡು ಸಾವಿರದ ಮೂರರ ಮಾರ್ಚಿ. ಒಂದು ಬೆಳಗ್ಗೆ ಲೋಹಿತ್ ಬಂದ. ಅಂಗಡಿ ಇದ್ದ ಕಟ್ಟಡದ ಯಜಮಾನರು ದೊಡ್ಡಬೈರಪ್ಪನವರು. ಅವರ ತಮ್ಮನ ಮಗ ಇವನು. ಕನಕಪುರ ರಸ್ತೆಯಲ್ಲಿ ಸೈಟು ಮಾಡಿ ಮಾರುವ ವ್ಯವಹಾರ. ಹೋದ ವರ್ಷ ಇದೇ ಅಂಗಡಿಯಲ್ಲಿ ಒಂದು ಚೀಲ ಹೊಲಿಸಿಕೊಂಡಿದ್ದ, ಟ್ರೆಕ್ಕಿಂಗಿಗೆ ಅಂತ.

“ಆಂಟಿ, ನಿಮ್ಮ ಚೀಲ ಸೂಪರು. ಆದ್ರೆ ತಳದಲ್ಲಿ ಹೊಲಿಗೆ ಬಿಟ್ಬಿಡ್ತು. ರಿಪೇರಿ ಬೇಡ, ಹೊಸದೇ ಬೇಕು. ಇಂಥದ್ದು.”

ಮಡಿಸಿದ ಹಾಳೆಯೊಂದನ್ನು ಮೇಜಿನ ಮೇಲೆ ಬಿಡಿಸಿದ. ಯಾವುದೋ ಅಮೆರಿಕದ ಪತ್ರಿಕೆಯಿಂದ ಹರಿದದ್ದು. ಟೋಪಿ ಹಾಕಿದ ಗಡ್ಡದವನೊಬ್ಬ ಹಿಮದಲ್ಲಿ ನಿಂತಿದ್ದ. ಬೆನ್ನಿನ ಚೀಲದ ಪಕ್ಕಕ್ಕೆ ಉದ್ದನೆಯ ಕೋವಿ ನೆಟ್ಟಗೆ ಸಿಕ್ಕಿಸಿತ್ತು.

“ಇದು ಕೋವಿ ಅಲ್ವಾ?”

“ಏರ್‌ಗನ್ನು ಅನ್ಕೊಳ್ಳಿ.”

ಏರ್‌ಗನ್ನು ಅನ್ನಲಿಲ್ಲ, ಅನ್ಕೊಳ್ಳಿ ಅಂದ. ಚೂಡಾಮಣಿ ಆ ಪದವನ್ನು ಮನಸ್ಸಿನಲ್ಲೇ ಹಿಡಿದಿಟ್ಟುಕೊಂಡು ಅಳತೆ ಪುಸ್ತಕ ತೆರೆದಳು.

ಲೋಹಿತ್ ಒಂದೊಂದಾಗಿ ಹೇಳುತ್ತ ಹೋದ. ಕೋವಿಯ ಹಿಂಬದಿ ಕೂರಲು ಕೆಳಗೊಂದು ಗೂಡು ಬೇಕು, ನಳಿಗೆ ಹಿಡಿಯಲು ಮೇಲೊಂದು ಪಟ್ಟಿ. ಚೀಲ ಇಳಿಸದೆಯೇ ಕೋವಿ ಕೈಗೆ ಬರಬೇಕು, ಬಲಗೈಗೆ. ನೈಲಾನ್ ಬೇಡವೇ ಬೇಡ, ಗಿಡಕ್ಕೆ ತಗುಲಿದರೆ ಸರಸರ ಅನ್ನುತ್ತೆ. ಬೆಲ್ಟಿನ ಬಕಲ್ ಬೇಡ, ಟಿಕ್ ಅನ್ನುತ್ತೆ. ಎಳೆದರೆ ಪರ್ರೆನ್ನುವ ಅಂಟುಪಟ್ಟಿಯಂತೂ ಬೇಡ. ಹೊಳೆಯುವ ವಸ್ತು ಒಂದೂ ಇರಬಾರದು. ಇಷ್ಟು ಯೋಚನೆ ಮಾಡಿ ಚೀಲ ಆರಿಸುವ ಗಿರಾಕಿಯನ್ನು ಚೂಡಾಮಣಿ ಕಂಡಿರಲಿಲ್ಲ. ಬೇರೆ ಚೀಲವಾಗಿದ್ದರೆ ಅವಳಿಗೂ ಹುರುಪು ಬರುತ್ತಿತ್ತು.

“ಇನ್ನು ತಳದ ಖಾನೆ ಬೇರೇನೇ ಇರ್ಲಿ. ಒಳಗೆಲ್ಲಾ ರೆಕ್ಸಿನ್, ಬಿಚ್ಚಿ ತೊಳೆಯೋ ಹಾಗೆ. ಹದಿನೈದು ಕೆಜಿ ತಡೀಬೇಕು, ಒಂದು ಹನಿ ಹೊರಗೆ ಬರ್ಬಾರ್ದು. ಹೋದ್ಸಲ ಕಾರಿನ ಡಿಕ್ಕಿ ಎಲ್ಲಾ ಹಾಳಾಯ್ತು.”

“ಏನು ಹನಿ?”

“ನೀರು ಆಂಟಿ. ನೀರು!” ಲೋಹಿತ್ ನಕ್ಕ. ಹಳೇ ಚೀಲವನ್ನು ಅಳತೆಗೆ ಇರಲಿ ಅಂತ ಬಿಟ್ಟು ಹೋದ.

ಅವನು ಹೋದ ಮೇಲೆ ಪುಟ್ಟಯ್ಯ ಚೀಲದ ತಳ ಹೊರಗೆ ಮಗುಚಿದರು. ಬಟ್ಟೆ ಹಪ್ಪಳದ ಹಾಗೆ ಬಿರುಸಾಗಿತ್ತು. ಒಣಗಿದ ಕಪ್ಪು ಕಲೆ ಅರ್ಧ ಚೀಲದವರೆಗೆ ಏರಿತ್ತು. ಸೋಪಿನಲ್ಲಿ ಉಜ್ಜಿದ್ದರೂ ವಾಸನೆ ಹೋಗಿರಲಿಲ್ಲ. ಹೊಲಿಗೆಯ ಸಂದಿಯಿಂದ ಪುಟ್ಟಯ್ಯ ಸೂಜಿಯ ಮೊನೆಯಲ್ಲಿ ಏನನ್ನೋ ಎಬ್ಬಿಸಿ ಅಂಗೈ ಮೇಲೆ ಹಾಕಿಕೊಂಡರು. ಗಿಡ್ಡನೆಯ, ಒರಟಾದ ಕಂದು ಕೂದಲು.

“ಹಂದೀದಾ?” ಚೂಡಾಮಣಿ ಕೇಳಿದಳು.

“ಹಂದಿ ಕೂದ್ಲು ಬ್ರಷ್ಷು ಇದ್ದಂಗಿರುತ್ತೆ. ಇದು ಜಿಂಕೆ ಚೂಡಮ್ಮ. ನಮ್ಮೂರು ಕಾಡಂಚಲ್ಲೇ ಇದ್ದಿದ್ದು, ನಂಗೊತ್ತಿಲ್ವಾ?”

ಒಳಮಗ್ಗುಲಲ್ಲಿ ಕೆಂಪು ದಾರದಲ್ಲಿ ಅಪ್ಪನ ಹೆಸರು ಹೊಲಿದ ಬಿಳಿ ತುಂಡೊಂದಿತ್ತು. ಎಲ್ಲ ಚೀಲಕ್ಕೂ ಅದನ್ನು ಅವಳೇ ಕೈಯಾರೆ ಹಾಕುತ್ತಿದ್ದಳು. ಕಲೆ ಅದನ್ನೂ ಮುಟ್ಟಿತ್ತು. ‘ಶೀನ’ ಅನ್ನುವುದಷ್ಟೇ ಓದಲು ಬರುತ್ತಿತ್ತು. ಒಂದು ವರ್ಷ ಇವರಿಬ್ಬರ ಕೈಕೆಲಸ ಯಾವ್ಯಾವ ಕಾಡಿನಲ್ಲಿ ಏನನ್ನು ಹೊತ್ತು ತಿರುಗಿತೋ, ಇವರಿಗೆ ಗೊತ್ತೇ ಇರಲಿಲ್ಲ. ಇನ್ನು ಗೊತ್ತಿಲ್ಲ ಅನ್ನುವ ಹಾಗಿಲ್ಲ.

“ಇದನ್ನ ಹೊಲಿಯೋದು ಬೇಡ ಪುಟ್ಟಯ್ಯ.”

“ಬೇಡ ಸರಿ. ಹೇಳೋರ್ಯಾರು? ನಿಂತಿರೋ ನೆಲ ಅವ್ರ ದೊಡ್ಡಪ್ಪಂದು. ಇವ್ನು ಹೋಗಿ ಒಂದ್ಮಾತು ಚುಚ್ಚಿದ್ರೆ ನಾವು ಮೆಷಿನ್ನು ಹೊತ್ಕೊಂಡು ಫುಟ್‌ಪಾತಿಗೆ ಬರ್ಬೇಕಾಗುತ್ತೆ.”

“ಬಟ್ಟೆ ಸಿಗಲ್ಲ ಅಂತೀನಿ ಬಿಡಿ. ಸದ್ದು ಮಾಡದ ಬಟ್ಟೆ ಎಲ್ಲಿಂದ ತರೋದು?”

ಫೋನಿನಲ್ಲಿ ಹಾಗೇ ಹೇಳಿದಳು. ಬಟ್ಟೆ ಸಿಕ್ತಿಲ್ಲ, ಆಗಲ್ಲ. ಮೂರನೇ ದಿನ ಲೋಹಿತ್ ಮಿಲಿಟರಿಯವರ ಹಳೇ ಸಾಮಾನು ಮಾರುವ ಕಡೆಯಿಂದ ಖಾಕಿ ಉಣ್ಣೆ ಬಟ್ಟೆಯ ಸುರುಳಿಯನ್ನೇ ಹೆಗಲ ಮೇಲೆ ಹಾಕಿಕೊಂಡು ಬಂದ. ಗೋಡೆಗೆ ಉಜ್ಜಿ ತೋರಿಸಿದ. ಪಿಟ್ಟೆನ್ನಲಿಲ್ಲ.

“ಇಷ್ಟು ದಪ್ಪಕ್ಕೆ ನಮ್ಮ ಸೂಜಿ ಆಗಲ್ಲ,” ಅಂದಳು ಚೂಡಾಮಣಿ. ಸೋಮವಾರ ಚಿಕ್ಕಪೇಟೆಯಿಂದ ದಬ್ಬಣದಂಥ ಸೂಜಿಗಳ ಪೊಟ್ಟಣ ಬಂತು. ಬಕಲ್ ಇಲ್ಲದೆ ಆಗಲ್ಲ ಅಂದಳು. ಗುರುವಾರ ಮರದ ಗುಂಡಿಗಳು ಬಂದವು, ಕಡೆದು ಎಣ್ಣೆ ಸವರಿದ್ದು, ಒಂದು ಡಜನ್.

“ಇನ್ನೇನ್ ಬೇಕು ಹೇಳಿ ಆಂಟಿ,” ಲೋಹಿತ್ ಮೇಜಿಗೆ ಎರಡೂ ಕೈ ಊರಿ ಕೇಳಿದ. “ಮೆಷಿನ್ ಕೆಟ್ಟಿದೆಯಾ? ಮೆಕ್ಯಾನಿಕ್ ಕರ್ಕೊಂಡ್ಬರ್ತೀನಿ. ಅಜ್ಜಂಗೆ ಕೈ ನೋವಾ? ಬೇರೆ ಟೈಲರ್ ಕೂರಿಸ್ತೀನಿ. ಕರೆಂಟ್ ಇಲ್ವಾ? ಜನರೇಟರ್ ಇದೆ. ನೆಪ ಮುಗೀತಾ, ಇನ್ನೂ ಇದೆಯಾ?”

ಅವನಿಗೆ ಮೊದಲಿಂದಲೂ ಗೊತ್ತಿತ್ತು. ಬೆಕ್ಕು ಇಲಿಯನ್ನು ಆಡಿಸುವ ಹಾಗೆ ಆಡಿಸುತ್ತಿದ್ದ. ಚೂಡಾಮಣಿಯ ಕಿವಿ ಬಿಸಿಯಾಯಿತು. ಬಟ್ಟೆ, ಸೂಜಿ, ಗುಂಡಿ ಮೇಜಿನ ಮೇಲೆ ಸಾಲಾಗಿ ಕೂತು ಅವಳನ್ನೇ ನೋಡುತ್ತಿದ್ದವು. ಒಂದು ವಾರ ಈ ಹುಡುಗನ ಮುಂದೆ ಇಷ್ಟು ಸಣ್ಣವಳಾಗಿ ಕೂತಿದ್ದೆನಲ್ಲ ಅನ್ನಿಸಿತು. ಹೆದರಿಕೆಗಿಂತ ಆ ನಾಚಿಕೆ ದೊಡ್ಡದಿತ್ತು.

“ಹೊಲಿಯಲ್ಲ,” ಅಂದಳು.

“ಆಗಲ್ವಾ?”

“ಆಗುತ್ತೆ. ಪುಟ್ಟಯ್ಯ ಎರಡೇ ದಿನದಲ್ಲಿ ಹೊಲೀತಾರೆ. ಮೆಷಿನ್ ಚೆನ್ನಾಗಿದೆ, ಅವರ ಕೈಯೂ ಚೆನ್ನಾಗಿದೆ. ನಾನು ಹೊಲಿಸಲ್ಲ.”

ಲೋಹಿತ್ ಮೇಜಿನಿಂದ ಕೈ ತೆಗೆದ. “ನಾನೇನು ನಿಮ್ಮನ್ನ ಕಾಡಿಗೆ ಬನ್ನಿ ಅಂದ್ನಾ? ಚೀಲ ಕೇಳ್ದೆ ಅಷ್ಟೆ. ಚಾಕು ಮಾರೋನು ಏನ್ ಕೊಯ್ತೀರಾ ಅಂತ ಕೇಳ್ತಾನಾ?”

“ನಾನೂ ಕೇಳಿರಲಿಲ್ಲ. ನೀವೇ ಹೇಳಿದ್ರಿ. ಸದ್ದಾಗಬಾರದು ಅಂದ್ರಿ, ಹದಿನೈದು ಕೆಜಿ ಅಂದ್ರಿ, ಹನಿ ಅಂದ್ರಿ. ಉಳಿದಿದ್ದನ್ನ ನಿಮ್ಮ ಹಳೇ ಚೀಲ ಹೇಳ್ತು. ಹೊಲಿಗೆ ಸಂದೀಲಿ ಜಿಂಕೆ ಕೂದಲಿತ್ತು.”

“ಓಹೋ. ಪುಳಿಚಾರ್ ಜನಕ್ಕೆ ಮಾಂಸ ಅಂದ್ರೆ ಅಸಹ್ಯ. ನೇರವಾಗಿ ಹಾಗನ್ನಿ.”

“ಪುಟ್ಟಯ್ಯ ಪ್ರತಿ ಭಾನುವಾರ ಮಟನ್ ತರೋ ಚೀಲ ನಾನೇ ಹೊಲಿದು ಕೊಟ್ಟಿದ್ದು. ಅದಕ್ಕೂ ರೆಕ್ಸಿನ್ ಹಾಕಿದೀನಿ. ಮಾಂಸದ ಮಾತಲ್ಲ ಇದು.”

ಮೂಲೆಯಲ್ಲಿ ಪುಟ್ಟಯ್ಯ ಕೆಮ್ಮಿದರು. ಕೆಮ್ಮೋ ನಗುವೋ ತಿಳಿಯಲಿಲ್ಲ. ಲೋಹಿತ್ ತನ್ನ ಹಳೇ ಚೀಲವನ್ನು ಕಿತ್ತುಕೊಂಡು, “ದೊಡ್ಡಪ್ಪಂಗೆ ಹೇಳ್ತೀನಿ. ಆಮೇಲೆ ನೋಡೋಣ, ಆಗುತ್ತೋ ಆಗಲ್ವೋ,” ಅಂದವನೇ ಬೈಕು ಹತ್ತಿದ.

ಆ ಸಂಜೆ ಮನೆಗೆ ಹೋಗುವಾಗ ಚೂಡಾಮಣಿ ರಸ್ತೆ ದಾಟಲು ಎಷ್ಟು ಸಲ ಅತ್ತಿತ್ತ ನೋಡಿದಳೋ ಲೆಕ್ಕವಿಲ್ಲ. ಅಂಗಡಿ ಹೋದರೆ ಅವಳಿಗೆ ಬೇರೆ ಬದುಕಿಲ್ಲ. ಪುಟ್ಟಯ್ಯನಿಗೂ ಇಲ್ಲ. ಬೆಳಗ್ಗೆ ತಾನೇ ಹೋಗಿ ‘ತಪ್ಪಾಯ್ತು’ ಅಂದುಬಿಡಲೇ ಅಂತಲೂ ಒಮ್ಮೆ ಯೋಚಿಸಿದಳು. ಯಾವ ತಪ್ಪು ಅಂತ ಹುಡುಕಿದರೆ ಸಿಗಲಿಲ್ಲ.

ಮಾರನೆಯ ದಿನ ಹನ್ನೊಂದಕ್ಕೆ ದೊಡ್ಡಬೈರಪ್ಪನವರೇ ಬಂದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ತೋಳಿಲ್ಲದ ಕೋಟು. ಸ್ಟೂಲಿನ ಮೇಲೆ ಕೂತು, ಚೂಡಾಮಣಿ ಕೊಟ್ಟ ನೀರು ಪೂರ್ತಿ ಕುಡಿದು, ಲೋಟ ಕೆಳಗಿಟ್ಟರು. ಒರಟು ಮನುಷ್ಯರಲ್ಲ. ಶೀನಣ್ಣ ತೀರಿಕೊಂಡಾಗ ಮೂರು ದಿನ ಬಂದು ಬಾಗಿಲಲ್ಲಿ ನಿಂತಿದ್ದವರು.

“ಏನಮ್ಮ ಇದು, ಒಂದು ಚೀಲದ ವಿಷ್ಯಕ್ಕೆ ಇಷ್ಟು ರಂಪ?”

“ನಾನು ರಂಪ ಮಾಡಿಲ್ಲ. ಹೊಲಿಯಲ್ಲ ಅಂದೆ.”

“ಅದೇ ಕಣಮ್ಮ, ಹಂಗಂದಿದ್ದೇ ತಪ್ಪು. ವಯಸ್ಸಿನ ಹುಡುಗ. ಮುಖಕ್ಕೆ ಹೊಡ್ದಂಗೆ ಅಂದ್ರೆ ಅವ್ನಿಗೆ ಹೆಂಗಾಗುತ್ತೆ?” ದೊಡ್ಡಬೈರಪ್ಪ ದನಿ ತಗ್ಗಿಸಿ ಮುಂದಕ್ಕೆ ಬಾಗಿದರು. “ನೋಡಿ, ನಂಗೂ ಅವ್ನ ಶಿಕಾರಿ ಇಷ್ಟ ಇಲ್ಲ. ನೀವು ಹೊಲೀಬೇಡಿ. ಆದ್ರೆ ಮೆಷಿನ್ ಕೆಟ್ಟಿದೆ, ಆಗಲ್ಲ ಅಂತ ಒಂದ್ಮಾತು ಅಂದ್ಬಿಡಿ. ನಾನು ಅವ್ನಿಗೆ ಹೇಳಿ ಸುಮ್ನಾಗಿಸ್ತೀನಿ. ಅವ್ನ ಮಾನಾನೂ ಉಳೀತು, ನಿಮ್ಮಂಗಡೀನೂ ಉಳೀತು.”

ಪುಟ್ಟಯ್ಯ ಪೆಡಲಿನಿಂದ ಕಾಲು ತೆಗೆದು ಚೂಡಾಮಣಿಯ ಕಡೆ ನೋಡಿದರು. ಅನ್ನಿ ಚೂಡಮ್ಮ, ಅನ್ನುವಂತಿತ್ತು ಆ ನೋಟ. ಅವಳ ನಾಲಿಗೆಯ ತುದಿಗೂ ಅದು ಬಂದಿತ್ತು. ಮೂರಕ್ಷರ. ಹೀಗೇ ಎಷ್ಟು ಸಾವಿರ ಸಲ ಅಂದಿದ್ದಳೋ. ಅಂದುಬಿಟ್ಟರೆ ಹೊಲಿಯುವುದೂ ತಪ್ಪುತ್ತೆ, ಹೆದರುವುದೂ ತಪ್ಪುತ್ತೆ. ನಾಳೆ ಆ ಹುಡುಗ ಮೆಕ್ಯಾನಿಕ್ಕನ್ನು ಕರೆತರುವುದು ಅವಳ ಕಣ್ಣಿಗೆ ಕಟ್ಟಿತು. ಇವಳು ಇನ್ನೊಂದು ನೆಪ ಹುಡುಕುವುದೂ ಕಟ್ಟಿತು.

“ಮೆಷಿನ್ ಚೆನ್ನಾಗಿದೆ ಯಜಮಾನ್ರೆ.”

“ನಂಗೊತ್ತು ಕಣಮ್ಮ. ಸುಮ್ನೆ ಒಂದ್ಮಾತಿಗೆ.”

“ಸುಮ್ನೆ ಅನ್ನಕ್ಕೂ ನಂಗಿಷ್ಟ ಇಲ್ಲ.”

ದೊಡ್ಡಬೈರಪ್ಪ ನೆಟ್ಟಗೆ ಕೂತರು. ಈಗ ಅವರ ದನಿಯಲ್ಲಿ ಕಣಮ್ಮ ಇರಲಿಲ್ಲ. “ಹಂಗಾದ್ರೆ ಮಳಿಗೆ ನಮಗೆ ಬೇಕಾಗಿದೆ. ಈ ತಿಂಗಳ ಕೊನೆಗೆ ಖಾಲಿ ಮಾಡ್ಬಿಡಿ.”

“ಖಾಲಿ ಮಾಡಲ್ಲ.”

ಅದು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಒಂದು ಸಲ ಅಂದ ಮೇಲೆ ಎರಡನೆಯದು ಅಷ್ಟು ಕಷ್ಟವಲ್ಲ.

“ಏನಂದ್ರಿ?”

“ಅಪ್ಪ ಮಾಡಿಸಿದ ಬಾಡಿಗೆ ಪತ್ರ ಇದೆ. ನೀವೇ ಬರೆದುಕೊಟ್ಟ ರಸೀದಿಗಳಿವೆ. ವಕೀಲರ ಕಡೆಯಿಂದ ನೋಟೀಸು ಕಳಿಸಿ. ನಾನೂ ವಕೀಲರ ಕಡೆಯಿಂದಲೇ ಉತ್ತರ ಕೊಡಿಸ್ತೀನಿ. ಯಾಕೆ ಬಿಡಿಸ್ತಿದೀರಿ ಅನ್ನೋದನ್ನೂ ಬರೆಸ್ತೀನಿ.”

“ಏನಂತ ಬರೆಸ್ತೀರಿ?”

“ಜಿಂಕೆ ಹೊಡೆಯೋಕೆ ಕೋವಿ ಇಡೋ ಚೀಲ ಕೇಳಿದ್ರು, ಹೊಲಿಯಲಿಲ್ಲ ಅಂತ. ಅಷ್ಟೆ. ಒಂದಕ್ಷರ ಜಾಸ್ತಿ ಬರೆಸಲ್ಲ, ಒಂದಕ್ಷರ ಕಮ್ಮೀನೂ ಬರೆಸಲ್ಲ.”

ಹೊರಗೆ ತರಕಾರಿ ಗಾಡಿಯವನು ಸೊಪ್ಪೋ ಸೊಪ್ಪು ಅಂತ ಕೂಗುತ್ತ ಹೋದ. ದೊಡ್ಡಬೈರಪ್ಪ ಅವಳ ಮುಖವನ್ನು ನೋಡುತ್ತಲೇ ಇದ್ದರು. ಇದೇ ಹುಡುಗಿಯಾ ಅನ್ನುವ ಹಾಗೆ. ಕೊನೆಗೆ ಪಂಚೆ ಕೊಡವಿಕೊಂಡು ಎದ್ದರು.

“ನಿಮ್ಮಪ್ಪ ಒಂದಿನಾನೂ ನನ್ ಹತ್ರ ಹಿಂಗ್ ಮಾತಾಡಿದೋನಲ್ಲ.”

“ಅವರಿದ್ದಾಗ ಇಂಥ ಚೀಲ ಯಾರೂ ಕೇಳಿರಲಿಲ್ಲ.”

ದೊಡ್ಡಬೈರಪ್ಪ ಮೆಟ್ಟಿಲಿಳಿದರು. ಎದುರಿನ ಪ್ರಿಂಟಿಂಗ್ ಪ್ರೆಸ್ಸಿನವರು, ಪಕ್ಕದ ಗಿರಣಿಯವರು ಬಾಗಿಲಿಗೆ ಬಂದು ನಿಂತಿದ್ದರು. ದೊಡ್ಡಬೈರಪ್ಪ ತಿರುವಿನಲ್ಲಿ ಮರೆಯಾದ ಮೇಲೆ ಎಲ್ಲರೂ ಅಂಗಡಿಯ ಕಡೆ ತಿರುಗಿದರು.

ಚೂಡಾಮಣಿ ಕುರ್ಚಿಯ ಮೇಲೆ ಕೂತಳು. ಪುಟ್ಟಯ್ಯ ಹೂಜಿಯಿಂದ ನೀರು ಬಗ್ಗಿಸಿ ತಂದು ಕೊಟ್ಟರು.

“ನೋಟೀಸು ಬಂದೇ ಬರುತ್ತೆ ಚೂಡಮ್ಮ.”

“ಬರಲಿ.”

“ಕೋರ್ಟು ಅಂದ್ರೆ ವರ್ಷಗಟ್ಲೆ ಓಡಾಡ್ಬೇಕಾಗುತ್ತೆ.”

“ವರ್ಷಗಟ್ಲೆ ಅಂಗಡೀನೂ ಇರುತ್ತಲ್ಲ.”

ಪುಟ್ಟಯ್ಯ ತಲೆ ಕೆರೆದುಕೊಂಡು ಆ ಲೆಕ್ಕವನ್ನು ಯೋಚಿಸಿದರು. ಆಮೇಲೆ ಬಾಗಿಲ ಕಡೆ ನೋಡಿ, “ಎಲ್ರೂ ಇಣುಕ್ತಿದಾರೆ. ಇವತ್ತೊಂದಿನ ಶಟರ್ ಅರ್ಧ ಇಳಿಸ್ಲಾ?” ಅಂತ ಕೇಳಿದರು.

“ಬೇಡ. ಪೂರ್ತಿ ಎತ್ತಿ.”

ತುಕ್ಕು ಹಿಡಿದ ಶಟರ್ ಯಾವಾಗಲೂ ಒಂದು ಮೊಳ ಕೆಳಗೇ ಸಿಕ್ಕಿಹಾಕಿಕೊಂಡಿರುತ್ತಿತ್ತು. ಪುಟ್ಟಯ್ಯ ಕೊಕ್ಕೆ ಹಾಕಿ ನೂಕಿದರು, ಆಗಲಿಲ್ಲ. ಚೂಡಾಮಣಿ ಎದ್ದು ಬಂದು ಕೈ ಕೊಟ್ಟಳು. ಇಬ್ಬರೂ ಸೇರಿ ನೂಕಿದಾಗ ಅದು ಗರಗರ ಕಿರುಚುತ್ತ ಮೇಲಕ್ಕೆ ಹೋಯಿತು. ರಸ್ತೆಯ ಕೊನೆಯವರೆಗೂ ಕೇಳಿಸಿರಬೇಕು. ಪ್ರೆಸ್ಸಿನವರು ಬೆಚ್ಚಿ ನೋಡಿದರು. ಚೂಡಾಮಣಿಯೂ ಅವರನ್ನೇ ನೋಡಿದಳು. ಅವರೇ ಮೊದಲು ಕಣ್ಣು ಬೇರೆ ಕಡೆ ತಿರುಗಿಸಿದರು.