ನೂರಾ ಹನ್ನೆರಡು ಚೌಕದ ಗೋಡೆ

ನನ್ನ ಹೆಂಡತಿ ಯಮನಮ್ಮ ಮೇಸ್ತ್ರಿಯ ಹತ್ತಿರ ಕರಣಿ ಕೇಳಿದ್ದು ಅದು ನಾಲ್ಕನೆಯ ಸಲ. ಕರಣಿ ಅಂದರೆ ಗಾರೆ ಮೆತ್ತುವ ಗೌಂಡಿಯ ಕೈಸಲಿಕೆ. ನಮ್ಮ ಕಡೆ ಕಟ್ಟಡದ ಕೆಲಸದಲ್ಲಿ ಗಂಡಸು ಕರಣಿ ಹಿಡಿಯುತ್ತಾನೆ, ಹೆಂಗಸು ಮಾಲಿನ ಪುಟ್ಟಿ, ಅಂದರೆ ಕಲಸಿದ ಗಾರೆಯ ಬುಟ್ಟಿ, ಹೊರುತ್ತಾಳೆ. ಯಾರೂ ಬರೆದಿಟ್ಟ ಕಾನೂನಲ್ಲ, ಆದರೂ ಹಾಗೇ ನಡೆದುಕೊಂಡು ಬಂದಿದೆ. ಹದಿನೆಂಟು ವರ್ಷ ನಾನು ಮೆತ್ತಿದ ಗೋಡೆಗಳಿಗೆಲ್ಲ ಮಾಲು ಹೊತ್ತವಳು ಇವಳೇ.

ನಮ್ಮ ಮೇಸ್ತ್ರಿ ಮಹಮ್ಮದ್ ಹುಸೇನ್ ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಖಾರ. "ಯಮನವ್ವಾ, ನೀ ಕರಣಿ ಹಿಡಿದ್ರ ಅಯ್ಯಪ್ಪ ಏನ್ ಹಿಡೀಬೇಕು, ಕಸಬರಿಗೀನಾ?" ಅಂದ. ಅಯ್ಯಪ್ಪ ಅಂದರೆ ನಾನು.

"ಹಿಡೀಲಿ ಬಿಡ್ರಿ. ಕೈಯೇನು ಸವೀತಾವೇನು?" ಅಂದಳು ಇವಳು.

ಸೈಟಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಎರಡು ದಿನ ನನಗೆ ಬರೀ ಉಪ್ಪಿಲ್ಲದ ಸಾರು.

ಅದೇ ವಾರ ದೇವದುರ್ಗದಿಂದ ಕೆಲಸ ಬಂತು. ಸರ್ವರಿ ಬೇಗಂ ಅಂತ, ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಟೀಚರು. ಮನೆಯ ಮುಂದಿನ ಗೋಡೆ ಹೊಸದಾಗಿ ಮಾಡಬೇಕು. ಈಗ ಎಲ್ಲರೂ ಮುಂಭಾಗಕ್ಕೆ ಮಿರಿಮಿರಿ ಟೈಲ್ಸ್ ಹಾಕಿಸುತ್ತಾರಲ್ಲ, ಹಾಗೇ ಇರಬೇಕು ಅಂದುಕೊಂಡು ಹೋದೆವು. ಏಪ್ರಿಲ್ ರಜೆ ಇದ್ದದ್ದರಿಂದ ಮಗಳು ದೇವಿಕಾನೂ ಬಂದಳು. ಟೀಚರು ನಮ್ಮನ್ನು ಕೂರಿಸಿ, ಚಹಾ ಕೊಟ್ಟು, ಫೋನ್ ತೆಗೆದರು.

"ಮೂವತ್ತೆರಡು ವರ್ಷ ನಕಾಶಿ ಮ್ಯಾಲೆ ಕೋಲಿಟ್ಟು ಯುರೋಪ್ ತೋರಿಸೀನಿ. ನಾ ಮಾತ್ರ ಹೈದರಾಬಾದ್ ದಾಟಿದ್ದಿಲ್ಲ. ಹೋದ ವರ್ಷ ಹೋಗಿಬಂದೆ, ಚೆಕ್ ದೇಶಕ್ಕ."

ಫೋಟೋ ಒಂದಾದಮೇಲೆ ಒಂದು. ಪ್ರಾಗ್ ಪಟ್ಟಣದ ಹಳೇ ಗಡಿಯಾರ. ತಾಸಿಗೊಮ್ಮೆ ಅದರ ಕಿಟಕಿ ತೆರೆದು ಗೊಂಬೆಗಳು ಸುತ್ತು ಹೊಡೆಯುತ್ತವಂತೆ, ಕೆಳಗೆ ಸಾವಿರ ಜನ ಫೋನ್ ಎತ್ತಿ ನಿಂತಿರುತ್ತಾರಂತೆ. ಕ್ರುಮ್ಲೋವ್ ಅನ್ನುವ ಊರಿನ ಅರಮನೆ, ಅದರ ಕಂದಕದಲ್ಲಿ ನೀರಿಲ್ಲ, ಕರಡಿಗಳಿವೆ. ಇನ್ನೊಂದು ಊರಲ್ಲಿ ಮನುಷ್ಯರ ಎಲುಬಿನಿಂದಲೇ ಅಲಂಕಾರ ಮಾಡಿದ ಪ್ರಾರ್ಥನಾ ಮಂದಿರ. "ನಮ್ಮ ಟೂರಿನ್ಯಾಗ ಅರ್ಧ ಮಂದಿ ಬಾಗಲದಾಗ ನಿಂತ್ರು. ನಾ ಒಳಗ ಹೋದೆ. ಫೋಟೋ ತೆಗಿಯಾಂಗಿಲ್ಲ ಅಂದ್ರು, ಅದಕ್ಕ ಇಲ್ಲ," ಅಂದರು.

ಕೊನೆಗೆ ಬಂತು ಆ ಗೋಡೆ. ಲಿತೊಮಿಶ್ಲ್ ಅನ್ನುವ ಸಣ್ಣ ಊರಿನ ಅರಮನೆ. ಗೋಡೆ ತುಂಬ ಕೆತ್ತಿದ ಕಲ್ಲಿನ ಚೌಕಗಳು, ಒಂದೊಂದರಲ್ಲಿ ಒಂದೊಂದು ಚಿತ್ರ.

"ಒಳ್ಳೇ ಕಲ್ಲುಕೆಲಸ ರೀ," ಅಂದೆ ನಾನು.

ಟೀಚರು ಹುಡುಗಿಯಂತೆ ನಕ್ಕರು. "ಕಲ್ಲಲ್ಲ ಬಾಬಾ! ಸಪಾಟ್ ಗೋಡಿ! ಕರೀ ಗಾರಿ ಮ್ಯಾಲೆ ತೆಳ್ಳಗ ಬಿಳೀ ಸುಣ್ಣ ಬಳದು, ಹಸೀ ಇದ್ದಾಗ ಗೀರ್ಯಾರ. ಗೀರಿದಲ್ಲಿ ಕರೀದು ಕಾಣ್ತದ, ಕಲ್ಲು ಕೆತ್ತಿದಂಗ. ನಾನೂ ಮೋಸ ಹೋಗಿ ಕೈ ಸವರಿದೆ. ಇಂಥವು ಎಂಟು ಸಾವಿರ ಅವ, ಒಂದರಂಗ ಇನ್ನೊಂದಿಲ್ಲ ಅಂತ ಗೈಡ್ ಹೇಳಿದ. ನನಗ ಎಂಟು ಸಾವಿರ ಬ್ಯಾಡ. ಹದಿನಾಲ್ಕು ಚೌಕದ ಸಾಲು ಎಂಟು, ಒಟ್ಟು ನೂರಾ ಹನ್ನೆರಡು. ಆದ್ರ ಎರಡು ಒಂದೇ ಥರ ಇರಬಾರದು."

ಅಷ್ಟೇನಾ ಅಂದುಕೊಂಡೆ. ಸುಣ್ಣ, ಮರಳು, ಕಪ್ಪಿಗೆ ಇದ್ದಿಲ ಪುಡಿ. ನಾನು ಒಂದು ಹಾಸು ಇನ್ನೊಂದಕ್ಕೆ ಸೇರುವ ಜೋಡು ಕಾಣದಂತೆ ಗೋಡೆ ಮೆತ್ತುವವನು, ಅದಕ್ಕೇ ನನಗೆ ಹೆಸರು. ಸೋಮವಾರ ಎಂದಿನಂತೆ ಚಹಾ ಕುಡಿದು, ಒಂಬತ್ತೂವರೆಗೆ ಶುರುಮಾಡಿ, ಇಡೀ ಗೋಡೆಗೆ ಒಂದೇ ಹಾಸಿನಲ್ಲಿ ಕರಿ ಗಾರೆ ಎಳೆದೆ, ಮೇಲೆ ಸುಣ್ಣ ಬಳಿದೆ. ಗೀರಲು ಮೊಳೆ ತೆಗೆದುಕೊಳ್ಳುವ ಹೊತ್ತಿಗೆ ನಮ್ಮ ದೇವದುರ್ಗದ ಬಿಸಿಲು ತನ್ನ ಕೆಲಸ ಮುಗಿಸಿತ್ತು. ಮೊಳೆ ಊರಿದರೆ ಗೆರೆ ಮೂಡಲಿಲ್ಲ. ಹಪ್ಪಳದಂತೆ ಚಕ್ಕೆ ಎದ್ದು ಕಾಲ ಮೇಲೆ ಬಿತ್ತು.

ಸುದ್ದಿ ಫೋನಿನಲ್ಲಿ ಮೇಸ್ತ್ರಿಗೆ ಮುಟ್ಟಿತು. "ಕ್ಯಾ ಬೇ ಅಯ್ಯಪ್ಪ, ಗೋಡಿ ಮಾಡಾಕತ್ತೀಯೋ ಹಪ್ಪಳ ಮಾಡಾಕತ್ತೀಯೋ? ನೀರಮಾನ್ವಿ ಊರಾಗಿನ ಕೆಲಸ ಕಾಯಾಕತ್ತದ. ಶುಕ್ರವಾರ ನಮಾಜ್ ಮುಗಿಸಿ ಬರ್ತೀನಿ. ಅಷ್ಟರಾಗ ಆಗ್ಲಿಲ್ಲಂದ್ರ ಟೈಲ್ಸ್ ಬಡಿದು ಹೊರಡು."

ಫೋನಿನಾಚೆಯ ಗದರು ಟೀಚರಿಗೂ ಕೇಳಿಸಿತು, ಮುಖ ಬಾಡಿತು. ಯಮನಮ್ಮ ನನ್ನ ಕೈಯಿಂದ ಫೋನ್ ಕಸಿದುಕೊಂಡಳು.

"ಮೇಸ್ತ್ರಿ, ಈ ಗೋಡಿ ನಾ ಮಾಡ್ತೀನಿ. ಎರಡು ಚೌಕ ಒಂದೇ ಥರ ಇರಾಂಗಿಲ್ಲ. ಛಲೋ ಆದ್ರ ನೀವ ನನ್ನ ಕೈಗೆ ಕರಣಿ ಕೊಡಬೇಕು. ಕೆಟ್ಟರ ಇನ್ಮ್ಯಾಲೆ ಅದರ ಹೆಸರ ಎತ್ತಂಗಿಲ್ಲ."

ಮೇಸ್ತ್ರಿ ಆ ಕಡೆಯಿಂದ ಕೇಳಿದ, "ಎರಡು ಒಂದೇ ಥರ ಸಿಕ್ರ?"

"ಸಾಯೂತನಕ ಪುಟ್ಟಿ ಹೊರತೀನಿ."

ಇವಳು ಆಡಿದ ಮಾತು ತಿರುಗಿಸುವವಳಲ್ಲ. ಸೋತರೆ ನಿಜವಾಗಿಯೂ ಮತ್ತೆ ಕೇಳುವುದಿಲ್ಲ. ನಗುವುದನ್ನೂ ಬಿಟ್ಟಾಳು ಅನ್ನಿಸಿತು.

ಮಂಗಳವಾರವೆಲ್ಲ ಗೋಡೆ ಕೆರೆಯುವುದಾಯಿತು. ಕೆರೆಯುತ್ತಾ ಕೇಳಿದೆ, "ಬಿಸಲಿಗೇನ್ ಮಾಡ್ತೀ?"

"ಜ್ವಾಳದ ಹಿಟ್ಟು ಎಲ್ಲಾ ಒಮ್ಮಿಗೇ ನಾದಿಟ್ಟು ರೊಟ್ಟಿ ಬಡಿತಾರೇನು? ಬಿರೀತದ. ಒಂದು ರೊಟ್ಟಿಗೆಷ್ಟು ಬೇಕೋ ಅಷ್ಟು ಕಲಸ್ತೀವಿ. ಹಂಗೇ ಒಂದು ಸಾಲು ಮೆತ್ತು, ಗೀರು. ಆಮ್ಯಾಲೆ ಇನ್ನೊಂದು. ನೀ ಇಡೀ ಗೋಡಿಗೆ ಒಮ್ಮಿಗೇ ಮೆತ್ತಿದ್ಯಲ್ಲ!"

"ಜೋಡು ಕಾಣ್ತದಲ್ಲ?"

"ಚೌಕದ ಗೆರಿ ಎದಕ್ಕವ ಮತ್ತ? ಜೋಡು ಅದರಾಗ ಮುಚ್ಚಿಹೋಗ್ತದ."

ಇಪ್ಪತ್ತು ವರ್ಷ ಗೌಂಡಿ ಕೆಲಸ ಮಾಡಿದ ನಾನು ತಲೆ ತಗ್ಗಿಸಿ ಮತ್ತೆ ಕೆರೆಯತೊಡಗಿದೆ.

ಬುಧವಾರ ಬೆಳಗಿನ ಐದಕ್ಕೇ ಅಟ್ಟಣಿಗೆ ಏರಿದೆವು. ಪಡುವಣ ಮುಖದ ಮನೆ, ಮಧ್ಯಾಹ್ನದ ತನಕ ನೆರಳು. ಅಕ್ಕಪಕ್ಕ ಗೋಣಿಚೀಲ ನೆನೆಸಿ ಇಳಿಬಿಟ್ಟೆವು. ನಾನು ಮೇಲಿನ ಸಾಲು ಮೆತ್ತಿ ಸುಣ್ಣ ಬಳಿದು ಸರಿದೆ. ಯಮನಮ್ಮ ಅಂಗೈಯ ಹಿಂಬದಿಯನ್ನು ಗೋಡೆಗೆ ಒತ್ತಿ ಕಾಯುತ್ತಾ ನಿಂತಳು. ಜ್ವರ ನೋಡುವಂತೆ.

"ಈಗ ಬೆವರಾಕತ್ತದ," ಅಂದಳು. "ಈಗ."

ಅವಳ ಆಯುಧ ಒಂದು ಸ್ಟೀಲ್ ಚಮಚದ ಹಿಡಿಕೆ. ಮೊದಲ ಚೌಕದಲ್ಲಿ ಜೋಳದ ತೆನೆ ಬಂತು. ಎರಡನೆಯದರಲ್ಲಿ ಹರಿಗೋಲು. ಮೂರರಲ್ಲಿ ಚೇಳು. ಹದಿನೆಂಟು ವರ್ಷ ಹಳೇ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿದ ಕೈ, ತುಂಡು ತುಂಡಿನಲ್ಲಿ ಯೋಚಿಸುವ ಕೈ ಅದು. ನನಗೆ ಅದು ಗೊತ್ತೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆ ಕೌದಿ ಹೊದ್ದೇ ಮಲಗುತ್ತಿದ್ದೆ, ನೋಡಿರಲಿಲ್ಲ ಅಷ್ಟೇ.

ದೇವಿಕಾಳದು ಲೆಕ್ಕಪರಿಶೋಧನೆ. ನೋಟ್‌ಬುಕ್ಕಿನಲ್ಲಿ ಪ್ರತಿ ಚೌಕ ಬರೆದುಕೊಂಡು ಕೆಳಗಿನಿಂದ ಕೂಗುತ್ತಿದ್ದಳು: "ಯವ್ವಾ, ನವಿಲು ಆಗ್ಯದ! ಬ್ಯಾರೆ ಏನರ ಮಾಡು!" ನಾನೂ ಒಂದು ಚೌಕ ಗೀರುತ್ತೇನೆ ಅಂದೆ. ಕುದುರೆ ಬಿಡಿಸಿದೆ. "ಯಪ್ಪಾ, ನಾಯಿ ಛಲೋ ಬಂದದ," ಅಂದಳು ಮಗಳು. ಅಲ್ಲಿಗೆ ನನ್ನ ಕಲೆ ಮುಗಿಯಿತು.

ಗುರುವಾರದ ಹೊತ್ತಿಗೆ ಓಣಿಯೇ ಗೋಡೆಯ ಮುಂದೆ ಸೇರಿತ್ತು. ಬಳೆ ಮಾರುವ ದಾವಲ್ ಬೀ ಬಳೆ ಪೋಣಿಸಿ ಹೆಗಲಿಗೆ ಹಾಕುವ ತನ್ನ ಮಲಾರದ ಚಿತ್ರ ಹಾಕಲೇಬೇಕು ಅಂತ ಹಟ ಹಿಡಿದಳು. ಒಬ್ಬನಿಗೆ ಆಟೋ, ಇನ್ನೊಬ್ಬನಿಗೆ ಪಾರಿವಾಳ. ಟೀಚರು ಪ್ರಾಗ್ ಗಡಿಯಾರ ಕೇಳಿದರು. ಕಂದಕದ ಕರಡಿಯೂ ಬಂತು, ಪಕ್ಕದ ಚೌಕದಲ್ಲಿ ರಾಯಚೂರಿನ ಕೋಟೆ ಬಾಗಿಲು. ಚಹಾ ಯಾರ ಮನೆಯಿಂದ ಬರುತ್ತಿತ್ತೋ ಗೊತ್ತಾಗಲಿಲ್ಲ, ಬರುತ್ತಲೇ ಇತ್ತು.

ಶುಕ್ರವಾರ ಹತ್ತು ಗಂಟೆಗೆ ಕೊನೆಯ ಚೌಕ ಮುಗಿಯಿತು. ಮಧ್ಯಾಹ್ನ ಮೇಸ್ತ್ರಿ ಬಂದ. ಬಿಳಿ ಜುಬ್ಬಾ, ಅತ್ತರು, ಕಂಕುಳಲ್ಲಿ ಟೈಲ್ಸಿನ ಸ್ಯಾಂಪಲ್. ಗೋಡೆ ನೋಡಿದ. ಸ್ಯಾಂಪಲ್ಲನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟ. ಅಟ್ಟಣಿಗೆ ಹತ್ತಿ ಮೇಲಿನಿಂದ ಶುರುಮಾಡಿ, ಮೂಗು ಗೋಡೆಗೆ ತಾಗುವಷ್ಟು ಹತ್ತಿರ ನಿಂತು, ಒಂದೊಂದೇ ಚೌಕ ನೋಡುತ್ತ ಸಾಲು ಸಾಲಾಗಿ ಸರಿದ. ಅರ್ಧ ತಾಸು. ಏಳನೆಯ ಸಾಲಿನಲ್ಲಿ ಬಗ್ಗಿದವನು ತಟ್ಟನೆ ನೆಟ್ಟಗಾದ. ಮತ್ತೆ ಅಟ್ಟಣಿಗೆ ಹತ್ತಿ ಎರಡನೆಯ ಸಾಲು ನೋಡಿದ.

"ಸಿಕ್ತು! ಇಲ್ಲೊಂದು ಮೇಕಿ, ಕೆಳಗೊಂದು ಮೇಕಿ! ಅದೇ ಕೋಡು, ಅದೇ ಗಡ್ಡ! ಏನಂತಿ ಯಮನವ್ವಾ?"

ದೇವಿಕಾಳ ಕೈಯಿಂದ ನೋಟ್‌ಬುಕ್ ಜಾರಿತು. ಹೌದು, ಎರಡು ಮೇಕೆ; ಲೆಕ್ಕ ಬರೆದವಳ ಕಣ್ಣಿಗೂ ತಪ್ಪಿತ್ತು. ಟೀಚರು ದುಪಟ್ಟಾ ಬಾಯಿಗೆ ಒತ್ತಿಕೊಂಡರು.

ಯಮನಮ್ಮ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು ಕೆಳಗಿನ ಚೌಕದ ಹತ್ತಿರ ಹೋದಳು. "ಮೇಸ್ತ್ರಿ, ಕನ್ನಡಕ ಹಾಕ್ಕೋರಿ. ಹೊಟ್ಟಿ ನೋಡ್ರಿ."

"ಹೊಟ್ಟಿ?"

"ಮ್ಯಾಲಿಂದು ಬುಧವಾರದ್ದು. ಇದು ಇವತ್ತಿಂದು. ಇದು ಗಬ್ಬ ಅದ."

ಮೇಸ್ತ್ರಿ ಇಳಿದು ಬಂದು ಬಗ್ಗಿ ನೋಡಿದ. ಹೊಟ್ಟೆ ನಿಜವಾಗಿಯೂ ಕೆಳಕ್ಕೆ ಇಳಿಬಿದ್ದಿತ್ತು. ಅದರೊಳಗೆ ಚಮಚದ ತುದಿಯಿಂದ ಎಳೆದ ಸಣ್ಣ ಮರಿ, ಕಾಲು ಮಡಚಿಕೊಂಡು ಮಲಗಿತ್ತು.

ಮೊದಲು ದಾವಲ್ ಬೀ ನಕ್ಕಳು. ಆಮೇಲೆ ಓಣಿ. ಮೇಸ್ತ್ರಿ ಅಟ್ಟಣಿಗೆಯ ಕಂಬ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ಎರಡು ದಿನದಾಗ ಗಬ್ಬ! ಯಾ ಅಲ್ಲಾ! ಇಂಥಾ ಮೇಕಿ ನನಗೂ ಹತ್ತು ಕೊಡವ್ವಾ!"

ನಕ್ಕು ಮುಗಿದಮೇಲೆ ನನ್ನ ಕಡೆ ಕೈ ಚಾಚಿದ. ನಾನು ನನ್ನ ಕರಣಿ ಕೊಟ್ಟೆ. ತನ್ನ ಶುಕ್ರವಾರದ ಜುಬ್ಬಾದ ಅಂಚಿನಿಂದಲೇ ಅದನ್ನು ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ.

"ಸೋಮವಾರ ನೀರಮಾನ್ವಿ. ಹೊತ್ತಿಗೆ ಸರಿಯಾಗಿ ಬರಬೇಕು ಗೌಂಡಿ."

ಯಮನಮ್ಮ ತಕ್ಷಣ ತೆಗೆದುಕೊಳ್ಳಲಿಲ್ಲ. ಕೈಗೆ ಸುಣ್ಣ ಮೆತ್ತಿತ್ತು; ಸೀರೆಗೆ ತಿಕ್ಕಿದಳು, ಇನ್ನೊಮ್ಮೆ ತಿಕ್ಕಿದಳು. ಆಮೇಲೆ ಹಿಡಿದುಕೊಂಡಳು.

ಸೋಮವಾರ ಮಾನ್ವಿಯಲ್ಲಿ ಬಸ್ ಬದಲಿಸಿ ನೀರಮಾನ್ವಿ ಮುಟ್ಟಿದಾಗ ಮೇಸ್ತ್ರಿ ಹೊಸ ಗೋಡೆ ತೋರಿಸಿದ. ಹೆಣ್ಣಾಳು ಇನ್ನೂ ಬಂದಿರಲಿಲ್ಲ. ಯಮನಮ್ಮ ದಾರ ಕಟ್ಟಿ, ಕರಣಿ ನೀರಿಗದ್ದಿ, ಹಿಂದೆ ತಿರುಗದೆ ಕೂಗಿದಳು:

"ಮಾಲು!"

ಸುತ್ತ ನೋಡಿದೆ. ಪುಟ್ಟಿಯ ಹತ್ತಿರ ನಾನೊಬ್ಬನೇ ಇದ್ದೆ. ತುಂಬಿಕೊಂಡು ತಲೆಗೇರಿಸಿದೆ. ಎಷ್ಟು ಭಾರ ಅಂತೀರಿ!

"ಲಗೂ ಬಾರೋ," ಅಂದಳು ಗೌಂಡಿ, "ಒಣಗಾಕತ್ತದ."